ದಾನಕ್ಕೆ ಕೂದಲು ಬೆಳೆಸುವ ಮುನ್ನ ಒಮ್ಮೆ ತಲೆ ಬೋಳಿಸಬೇಕೇ?

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ವರ್ಷ. ಕ್ಯಾನ್ಸರ್ ರೋಗಿಗಳ ವಿಗ್‌ಗಾಗಿ ಕೂದಲು ಕೊಡಬೇಕೆಂದು ಹಟ ಹಿಡಿದಿದ್ದಾಳೆ. ಅವಳ ಜಡೆ ತೀರ ತೆಳು. ಒಮ್ಮೆ ನುಣ್ಣಗೆ ಬೋಳಿಸಿ ಬೆಳೆಸಿದರೆ ದಟ್ಟವಾಗಿ ಬರುತ್ತದೆಂದು ನಮ್ಮ ಅತ್ತೆಯವರು ಹೇಳುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ಬೇಡ, ದಯವಿಟ್ಟು ಬೋಳಿಸಬೇಡಿ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೆಂಬುದರ ಲೆಕ್ಕ ತಪ್ಪಿಹೋಗಿದೆ. ಬೇಸಿಗೆ ರಜೆ ಹತ್ತಿರವಾದಂತೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಆದರೂ ಮತ್ತೊಮ್ಮೆ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಈ ನಂಬಿಕೆಯನ್ನು ಹಿಡಿದು ಹೊರಟರೆ ಮಗುವಿನ ಎರಡು ವರ್ಷಗಳ ಉತ್ಸಾಹ ಮಣ್ಣುಪಾಲಾಗುತ್ತದೆ. ತಲೆಗೂದಲು ತಿಂಗಳಿಗೆ ಸುಮಾರು ಅರ್ಧ ಇಂಚು ಬೆಳೆಯುತ್ತದೆ. ಕೂದಲು ಸ್ವೀಕರಿಸುವ ಸಂಸ್ಥೆಗಳಲ್ಲಿ ಅನೇಕವು 10ರಿಂದ 12 ಇಂಚು ಉದ್ದವನ್ನು ಕೇಳುತ್ತವೆ. ಬೋಳುತಲೆಯಿಂದ ಆರಂಭಿಸಿದರೆ 12 ಇಂಚಿಗೇ 24 ತಿಂಗಳು ಬೇಕು. ಜಡೆ ಕತ್ತರಿಸಿದ ಮೇಲೆ ಕುತ್ತಿಗೆಯವರೆಗಾದರೂ ಕೂದಲು ಉಳಿಯಬೇಕೆಂದರೆ ಇನ್ನೂ ಒಂದು ವರ್ಷ ಕಾಯಬೇಕು.

ಈ ನಂಬಿಕೆ ಇಷ್ಟು ಗಟ್ಟಿಯಾಗಿ ಬೇರೂರಿರುವುದಕ್ಕೆ ಕಾರಣ, ನಾವು ಕೂದಲನ್ನು ಗಿಡವೆಂದೇ ಭಾವಿಸಿರುವುದು. ಮಲ್ಲಿಗೆ ಗಿಡವನ್ನು ಸವರಿದರೆ ಒಂದು ಕವಲಿದ್ದಲ್ಲಿ ಎರಡು ಚಿಗುರುತ್ತವೆ, ಏಕೆಂದರೆ ಅದರ ಗೆಣ್ಣುಗಳಲ್ಲಿ ಜೀವವಿದೆ. ಚರ್ಮದಿಂದ ಹೊರಗೆ ಬಂದ ಕೂದಲಿನಲ್ಲಿ ಜೀವವಿಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಅದನ್ನು ಕತ್ತರಿಸಿದ್ದು ಚರ್ಮದ ಕೆಳಗಿರುವ ಬುಡಕ್ಕೆ ಗೊತ್ತಾಗುವುದೂ ಇಲ್ಲ. ಇಂಥ ಬುಡಗಳು ತಲೆಯಲ್ಲಿ ಸುಮಾರು ಒಂದು ಲಕ್ಷ ಇರುತ್ತವೆ, ಅವೆಲ್ಲವೂ ಮಗು ತಾಯಿಯ ಗರ್ಭದಲ್ಲಿರುವಾಗಲೇ ರೂಪುಗೊಂಡಿರುತ್ತವೆ. ಕ್ಷೌರದ ಕತ್ತಿ ಅವುಗಳ ಸಂಖ್ಯೆಯನ್ನು ಒಂದರಷ್ಟೂ ಹೆಚ್ಚಿಸಲಾರದು. ಅಮೆರಿಕದ ಅಂಗರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ ಅವರು ಗಡ್ಡ ಬೋಳಿಸಿದವರ ಕೂದಲನ್ನು ಅಳೆದು ನೋಡಿ, ಬೋಳಿಸುವುದರಿಂದ ಅದರ ದಪ್ಪವಾಗಲಿ ಬೆಳೆಯುವ ವೇಗವಾಗಲಿ ಬದಲಾಗುವುದಿಲ್ಲವೆಂದು 1928ರಲ್ಲಿಯೇ ಪ್ರಕಟಿಸಿದ್ದರು.

"ಬೋಳಿಸಿದ ಮೇಲೆ ಬರುವ ಕೂದಲು ಕೈಗೆ ಒರಟಾಗಿ ತಾಗುತ್ತದಲ್ಲ?" ಎಂದು ನೀವು ಕೇಳಬಹುದು. ತಾಗುತ್ತದೆ, ನಿಜ. ಜೋಳ ಕೊಯ್ದ ಹೊಲದಲ್ಲಿ ಬರಿಗಾಲಲ್ಲಿ ನಡೆದರೆ ಕೂಳೆ ಚುಚ್ಚುತ್ತದೆ. ಹಾಗೆಂದು ದಂಟು ದಪ್ಪವಾಗಿದೆ ಎನ್ನುತ್ತೇವೆಯೇ? ತರಗತಿಯಲ್ಲಿ ಒಮ್ಮೆಯೂ ಕತ್ತರಿ ಕಾಣದ ಕೂದಲನ್ನೂ ಕತ್ತರಿಸಿದ ಕೂದಲನ್ನೂ ಅಕ್ಕಪಕ್ಕದಲ್ಲಿಟ್ಟು ನಾನು ಸೂಕ್ಷ್ಮದರ್ಶಕದಲ್ಲಿ ತೋರಿಸುತ್ತಿದ್ದೆ. ಮೊದಲನೆಯದರ ತುದಿ ಸೂಜಿಯಂತೆ ಸಣ್ಣಗಾಗಿರುತ್ತಿತ್ತು, ಎರಡನೆಯದರ ತುದಿ ಮೊಂಡಾಗಿರುತ್ತಿತ್ತು. ಅದನ್ನು ಕಣ್ಣಾರೆ ಕಂಡ ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರೂ ಈ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲವೆಂಬುದು ನನಗೆ ಇಂದಿಗೂ ಹೆಮ್ಮೆಯ ಸಂಗತಿ. ಜವಳ ತೆಗೆಸಿದ ಮೇಲೆ ಮಕ್ಕಳ ಕೂದಲು ದಟ್ಟವಾಗುವುದನ್ನು ನಿಮ್ಮ ಅತ್ತೆಯವರು ಕಂಡಿದ್ದಾರೆ, ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ವಯಸ್ಸಿನಲ್ಲಿ ಎಳೆಗೂದಲು ಉದುರಿ ಬಲಿತ ಕೂದಲು ಬರುವುದು ಸಹಜ. ಜವಳ ತೆಗೆಸದ ಮಕ್ಕಳಿಗೂ ಅದು ಬಂದೇ ಬರುತ್ತದೆ.

ಇನ್ನು ತೆಳು ಜಡೆಯ ಚಿಂತೆಯನ್ನು ಬಿಟ್ಟುಬಿಡಿ. ಒಂದು ವಿಗ್‌ಗೆ ಹಲವರ ಕೂದಲು ಸೇರುತ್ತದೆ, ಆದ್ದರಿಂದ ಉದ್ದವಿದ್ದರೆ ತೆಳು ಜಡೆಯೂ ಉಪಯೋಗಕ್ಕೆ ಬರುತ್ತದೆ. ಬಣ್ಣ ಅಥವಾ ಬ್ಲೀಚ್ ಮಾಡಿಸಿದ್ದರೆ ಮಾತ್ರ ಕತ್ತರಿಸುವ ಮೊದಲೇ ಆ ಸಂಸ್ಥೆಯವರನ್ನು ಕೇಳಿಕೊಳ್ಳಿ. ಕೂದಲು ಪೂರ್ತಿ ಒಣಗಿರಬೇಕು. ಒದ್ದೆಯಾಗಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ. ಜಡೆಯ ಬುಡಕ್ಕೆ ರಬ್ಬರ್ ಬ್ಯಾಂಡ್ ಬಿಗಿದು, ಅದರ ಮೇಲ್ಗಡೆ ಕತ್ತರಿಸಿ, ಬ್ಯಾಂಡ್ ಬಿಚ್ಚದೆ ಹಾಗೆಯೇ ಕಳುಹಿಸಬೇಕು.

ಬ್ಯಾಂಡಿನ ಮಾತು ಬಂದಿದ್ದರಿಂದ ನೀವು ಕೇಳದ ಇನ್ನೊಂದು ವಿಷಯವನ್ನೂ ಹೇಳುತ್ತೇನೆ. ಬಾಚಣಿಗೆಗೆ ಬಂದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟು, ಬೀದಿಯಲ್ಲಿ ಕೂಗುತ್ತ ಬರುವವರಿಗೆ ಕೊಟ್ಟು ಸ್ಟೀಲ್ ಪಾತ್ರೆ ಪಡೆಯುವ ರೂಢಿ ನಮ್ಮಲ್ಲಿದೆ. ಅಂಥ ಕೂದಲನ್ನು ಬಿಡಿಸಿ, ಉದ್ದಕ್ಕೆ ತಕ್ಕಂತೆ ವಿಂಗಡಿಸುವ ದೊಡ್ಡ ಉದ್ಯಮವೇ ಕೊಪ್ಪಳದ ಭಾಗ್ಯನಗರದಲ್ಲಿದೆ. ಆದರೆ ಆ ಉಂಡೆಯನ್ನು ದಾನಕ್ಕೆ ಕಳುಹಿಸಲಾಗದು. ಕೂದಲಿನ ಮೈಮೇಲೆ ಹೆಂಚು ಹೊದಿಸಿದಂತೆ ಸಣ್ಣ ಪೊರೆಗಳಿದ್ದು, ಅವೆಲ್ಲ ತುದಿಯ ಕಡೆಗೆ ಮುಖ ಮಾಡಿರುತ್ತವೆ. ಉಂಡೆಯಲ್ಲಿ ಬುಡ ತುದಿಗಳು ಅಡ್ಡಾದಿಡ್ಡಿಯಾಗಿ ಬೆರೆತಿರುವುದರಿಂದ ಪೊರೆಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಸಿಕ್ಕಾಗುತ್ತವೆ. ನಿಮ್ಮ ಮಗಳ ಕೈಗೆ ಒಂದು ಉದ್ದನೆಯ ಕೂದಲು ಕೊಟ್ಟು, ಎರಡು ಬೆರಳುಗಳ ನಡುವೆ ಮೊದಲು ಬುಡದಿಂದ ತುದಿಗೆ, ಆಮೇಲೆ ತುದಿಯಿಂದ ಬುಡಕ್ಕೆ ಎಳೆಯಲು ಹೇಳಿ. ಮೊದಲ ಸಲ ನಯವಾಗಿ ಜಾರುತ್ತದೆ, ಎರಡನೆಯ ಸಲ ತಡೆಯುತ್ತದೆ. ಬ್ಯಾಂಡ್ ಏಕೆ ಬಿಚ್ಚಬಾರದೆಂದು ಆಗ ಅವಳೇ ನಿಮಗೆ ಹೇಳುತ್ತಾಳೆ.