ಹಾಡು ಹತ್ತಕ್ಕೆ ಬಂತು, ಹಣತೆ ಎಷ್ಟು?

ದೀಪಾವಳಿ ರಜೆಗೆ ಹಾಸನಕ್ಕೆ ಹೋಗಿದ್ದೆ. ಅಕ್ಕನ ಮಗಳಿಗೆ ಈಗಷ್ಟೇ ಮೂರು ತುಂಬಿದೆ. ಅಂಗನವಾಡಿಯಲ್ಲಿ ಕಲಿತ ಎಣಿಕೆ ಹಾಡನ್ನು ಒಂದರಿಂದ ಹತ್ತರವರೆಗೆ ತಪ್ಪಿಲ್ಲದೆ ಹಾಡಿದಳು. ಅಮ್ಮನಿಗೆ ಹೆಮ್ಮೆಯೋ ಹೆಮ್ಮೆ. "ನಮ್ ಪುಟ್ಟಿ ಆಗ್ಲೇ ಹತ್ತರವರೆಗೆ ಎಣಿಸ್ತಾಳೆ!" ನಾನು ಸುಮ್ನೆ ಇರಬಾರದಾ? "ಪುಟ್ಟಿ, ಮೂರು ಹಣತೆ ಕೊಡು" ಅಂದೆ. ಎರಡೂ ಕೈಯಲ್ಲಿ ಬಾಚಿಕೊಂಡು ಬಂದು ಎಂಟು ಹಣತೆ ನನ್ನ ಮಡಿಲಿಗೆ ಸುರಿದಳು.

ಇದು ದಡ್ಡತನವಲ್ಲ. ಮನೋವಿಜ್ಞಾನಿ ಕರೆನ್ ವಿನ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಮಕ್ಕಳಿಗೆ ಇಂಥದ್ದೇ ಕೆಲಸವಿತ್ತು: ಆಟಿಕೆ ರಾಶಿಯಿಂದ ಇಷ್ಟು ತೆಗೆದುಕೊಡು. ಬಾಯಲ್ಲಿ ಸರಾಗವಾಗಿ ಎಣಿಸುವ ಪುಟಾಣಿಗಳೂ ಎಣಿಸದೆ ಕೈಗೆ ಸಿಕ್ಕಷ್ಟು ಬಾಚಿದರು. ಮೊದಲು 'ಒಂದು' ಅಂದರೆ ಎಷ್ಟು ಅಂತ ತಿಳಿಯುತ್ತದೆ. ತಿಂಗಳುಗಳು ಕಳೆದ ಮೇಲೆ ಎರಡು. ಆಮೇಲೆ ಮೂರು. ಎಣಿಸುವಾಗ ಕೊನೆಗೆ ಹೇಳಿದ ಪದವೇ ಒಟ್ಟು ಎಷ್ಟು ಅನ್ನೋದಕ್ಕೆ ಉತ್ತರ ಎಂಬ ಗುಟ್ಟು ಅದಾದ ಮೇಲೆ ಹೊಳೆಯುತ್ತದೆ.

1978ರಲ್ಲಿ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಇಬ್ಬರು ಮನೋವಿಜ್ಞಾನಿಗಳು ಎಣಿಕೆಯನ್ನು ಐದು ನಿಯಮಗಳಾಗಿ ಬಿಡಿಸಿಟ್ಟರು. ಪದಗಳ ಕ್ರಮ ಬದಲಾಗಬಾರದು ಅನ್ನೋದು ಒಂದು. ಹಾಡು ಇದನ್ನು ಚೆನ್ನಾಗಿ ಕಲಿಸುತ್ತದೆ, ರಾಗವೇ ಪದಗಳನ್ನು ಸಾಲಾಗಿ ಹಿಡಿದಿಡುತ್ತದೆ. ಒಂದು ವಸ್ತುವಿಗೆ ಒಂದೇ ಪದ ಅನ್ನೋದು ಇನ್ನೊಂದು. ಹಾಡು ಕೈಕೊಡೋದು ಇಲ್ಲೇ. ಕನ್ನಡದಲ್ಲಿ ಹತ್ತರವರೆಗೆ ಒಂದಕ್ಷರದ ಎಣಿಕೆ ಪದವೇ ಇಲ್ಲ, ಅಲ್ವಾ? ಪುಟ್ಟಿ ತಾಳಕ್ಕೆ ತಕ್ಕಂತೆ 'ಒಂ' ಅಂತ ಒಂದು ಹಣತೆ ಮುಟ್ಟಿದಳು, 'ದು' ಅಂತ ಇನ್ನೊಂದು. 'ಎರಡು' ಮೂರು ಹಣತೆ ನುಂಗಿತು! "ಆರಾದ ಮೇಲೆ ಏನು?" ಅಂದರೆ ಮತ್ತೆ ಒಂದರಿಂದ ಶುರು. ಅವಳಿಗೆ ಅದು ಬಿಡಿ ಬಿಡಿ ಪದಗಳಲ್ಲ, ಉದ್ದದ ಒಂದೇ ಪದ.

ಹಾಗಂತ ಹಾಡು ಬಿಡಬೇಕಾಗಿಲ್ಲ. ಅದನ್ನು ಕೈಗೂ ಕಾಲಿಗೂ ಕಟ್ಟಿದರೆ ಆಯಿತು. ದೀಪ ಇಡುತ್ತಾ ಒಂದು ಹಾಡು ಹೊಸೆದೆವು. ಹೊಸಿಲಿಗೆ ಒಂದು. ಆಮೇಲೆ ತುಳಸಿಗೆ ಎರಡು, ಹೊಸಿಲಿಗೆ ಒಂದು. ಆಮೇಲೆ ಬಾವಿಕಟ್ಟೆಗೆ ಮೂರು, ತುಳಸಿಗೆ ಎರಡು, ಹೊಸಿಲಿಗೆ ಒಂದು. ಪ್ರತಿ ಸುತ್ತಿಗೂ ಒಂದು ಸಾಲು ಸೇರುತ್ತದೆ, ಹಳೆಯದೆಲ್ಲ ಮರಳಿ ಬರುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದನ್ನು ಕಾಲೇ ನೆನಪಿಡುತ್ತದೆ. ಮೂರು, ಎರಡು, ಒಂದು ಅಂತ ಇಳಿಯೆಣಿಕೆಯೂ ಬಿಟ್ಟಿ ಸಿಗುತ್ತದೆ. ಕ್ರಿಸ್ಮಸ್‌ನ ಹನ್ನೆರಡು ದಿನಗಳ ಇಂಗ್ಲಿಷ್ ಹಾಡಿನ ಕಟ್ಟು ಇದೇ. ಅದರ ಉಡುಗೊರೆಗಳನ್ನೆಲ್ಲ ಕೂಡಿದರೆ 364 ಆಗುತ್ತದೆ. ನಮ್ಮಲ್ಲಿ ಅಷ್ಟು ಎಣ್ಣೆ ಇರಲಿಲ್ಲ, ಐದಕ್ಕೆ ನಿಲ್ಲಿಸಿದೆವು. ಪ್ರತಿ ಜಾಗದಲ್ಲೂ ಹಾಡು ನಿಲ್ಲಿಸಿ "ಇಲ್ಲಿ ಒಟ್ಟು ಎಷ್ಟು?" ಅಂತ ಕೇಳುತ್ತಿದ್ದೆ. ನನ್ನ ಪ್ರಕಾರ ಹಾಡಿಗಿಂತ ಈ ನಿಲುಗಡೆಯೇ ಜಾಸ್ತಿ ಕಲಿಸುತ್ತದೆ.

ಮರುದಿನ ಹಾಸನಾಂಬೆಯ ದರ್ಶನಕ್ಕೆ ಹೋದೆವು. ಗುಡಿಯ ಬಾಗಿಲು ತೆರೆಯೋದು ವರ್ಷಕ್ಕೊಮ್ಮೆ, ಈ ಹಬ್ಬದ ಆಸುಪಾಸಿನಲ್ಲಿ ಮಾತ್ರ. ಸಾಲಿನ ಉದ್ದ ಕೇಳಬೇಡಿ. ಪುಟ್ಟಿ ನನ್ನ ಹೆಗಲ ಮೇಲೆ ಕೂತು ಮುಂದಿದ್ದ ತಲೆಗಳನ್ನು ಎಣಿಸತೊಡಗಿದಳು. ಒಂದು ತಲೆಗೆ ಒಂದೇ ಪದ, ನಿಧಾನವಾಗಿ. ಹತ್ತಕ್ಕೆ ಹಾಡು ಮುಗಿಯಿತು, ಸಾಲು ಮುಗಿಯಲಿಲ್ಲ. "ಹತ್ತರ ಮೇಲೆ ಒಂದು, ಹನ್ನೊಂದು" ಅಂದೆ. ಕನ್ನಡದ ಪುಣ್ಯ, ಇಪ್ಪತ್ತು ದಾಟಿದರೆ ಇಪ್ಪತ್ತೊಂದು, ಇಪ್ಪತ್ತೆರಡು ಅಂತ ಪದವೇ ಲೆಕ್ಕ ಹೇಳಿಕೊಡುತ್ತದೆ. ಅವಳು ಒಂದು ಗಳಿಗೆ ಯೋಚಿಸಿದಳು. ಆಮೇಲೆ ಮುಂದಿನ ತಲೆಗೆ ಬೆರಳು ತೋರಿಸಿ, "ಹತ್ತರ ಮೇಲೆ ಇನ್ನೊಂದು" ಅಂದಳು.