ಮುಳ್ಳು ಚುಚ್ಚಿದ್ದು ನಿನ್ನೆ, ಗಾಳಿ ಹೋದದ್ದು ಇಂದು

ಸೈಕಲ್ಲಿನ ಗಾಳಿ ಹೋಗುವುದು ಯಾವಾಗಲೂ ಹೊತ್ತಲ್ಲದ ಹೊತ್ತಿನಲ್ಲೇ ಎಂದು ಕಲಬುರಗಿ ಸೀಮೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಬೆಳಿಗ್ಗೆ, ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟ ನಸುಕಿನಲ್ಲಿ, ತೊಗರಿ ರಾಶಿಗೆ ಆಳುಗಳು ಬಂದು ಕಾದಿರುವ ದಿನ. ಇದನ್ನು ಗ್ರಹಚಾರದ ತಲೆಗೆ ಕಟ್ಟಿ ಸುಮ್ಮನಾಗುವವರೇ ಹೆಚ್ಚು. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಪಂಕ್ಚರ್ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆಗಿಬಿಡುವ ಸಂಗತಿ ಅಲ್ಲ. ಮುಳ್ಳು ಟೈರಿಗೆ ತಾಗಿದ ಗಳಿಗೆಗೂ ರಿಮ್ಮು ನೆಲಕ್ಕೆ ಕೂತ ಗಳಿಗೆಗೂ ನಡುವೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಅಂತರವಿರುತ್ತದೆ. ಆ ಅಂತರದಲ್ಲಿ ಏನು ನಡೆಯುತ್ತದೆ ಎಂಬುದು ಗೊತ್ತಿದ್ದರೆ ಪರೀಕ್ಷೆಯ ಬೆಳಗಿನ ಪಂಕ್ಚರನ್ನು ಹಿಂದಿನ ಸಂಜೆಯೇ ಹಿಡಿಯಬಹುದು.

ಮುಳ್ಳಿಗೆ ನಮ್ಮಲ್ಲಿ ಬರವಿಲ್ಲ. ರಸ್ತೆಯ ಇಕ್ಕೆಲ, ಕೆರೆಯಂಗಳ, ಕಾಲುವೆಯ ಏರಿ ಎಲ್ಲೆಲ್ಲೂ ಬೆಳೆದಿರುವ ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದ ಗಿಡ. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತಕ್ಕೆ ತಂದು ನೆಟ್ಟರು. ಅದರ ಎಲೆಯ ಬುಡದಲ್ಲಿ ಜೋಡಿಯಾಗಿ ಮೂಡುವ ಮುಳ್ಳು ಐದು ಸೆಂಟಿಮೀಟರಿನವರೆಗೂ ಬೆಳೆಯುತ್ತದೆ. ಹೊಲದ ಬೇಲಿಗೆಂದು ಕೊಂಬೆ ಕಡಿದು ಎಳೆದೊಯ್ದ ಹಾದಿಯ ತುಂಬ ಮುಳ್ಳು ಉದುರಿರುತ್ತದೆ. ಅದಕ್ಕಿಂತ ಕಿಲಾಡಿಯಾದದ್ದು ನೆಗ್ಗಿಲು. ನೆಲಕ್ಕೆ ಹಬ್ಬಿ ಪುಟ್ಟ ಹಳದಿ ಹೂ ಬಿಡುವ ಈ ಬಳ್ಳಿಯ ಕಾಯಿ ಒಣಗಿದಾಗ ಐದು ಹೋಳಾಗುತ್ತದೆ. ಒಂದೊಂದು ಹೋಳಿಗೂ ಎರಡು ಉದ್ದ, ಎರಡು ಗಿಡ್ಡ ಮುಳ್ಳುಗಳು. ಹೇಗೆ ಬಿದ್ದರೂ ಒಂದಾದರೂ ಮೇಲ್ಮುಖವಾಗಿ ನಿಲ್ಲುವಂತೆ ಅವುಗಳ ಜೋಡಣೆ ಇದೆ. ದನದ ಗೊರಸಿಗೋ ಮನುಷ್ಯರ ಚಪ್ಪಲಿಗೋ ಚುಚ್ಚಿಕೊಂಡು ದೂರ ಹೋಗಿ ಬೀಜ ಬಿತ್ತುವುದು ಆ ಗಿಡದ ಉಪಾಯ. ಸೈಕಲ್ ಟೈರು ಅದಕ್ಕೆ ಇತ್ತೀಚೆಗೆ ಸಿಕ್ಕ ಸವಾರಿ.

ಮುಳ್ಳಿನ ತುದಿ ಸುಮಾರು 0.1 ಮಿಲಿಮೀಟರ್ ಅಗಲ ಎಂದುಕೊಳ್ಳಿ. ಅದರ ಮೇಲೆ ಒಂದೇ ಒಂದು ಕಿಲೋ ಭಾರ ಬಿದ್ದರೂ ತುದಿಯಲ್ಲಿ ಉಂಟಾಗುವ ಒತ್ತಡ ಚದರ ಸೆಂಟಿಮೀಟರಿಗೆ ಹನ್ನೆರಡು ಸಾವಿರ ಕಿಲೋ ದಾಟುತ್ತದೆ. ಆದರೂ ಟೈರಿನ ರಬ್ಬರು ಮತ್ತು ಅದರೊಳಗಿನ ದಾರದ ಪದರಗಳನ್ನು ಸಣ್ಣ ಮುಳ್ಳು ಒಂದೇ ಏಟಿಗೆ ದಾಟಬೇಕೆಂದಿಲ್ಲ. ಅದು ಮೊದಲು ಟೈರಿನ ಮೈಗೆ ಕಚ್ಚಿಕೊಳ್ಳುತ್ತದೆ. ಹಳೆಯ ಮಾದರಿಯ 28 ಇಂಚಿನ ಸೈಕಲ್ಲಿನ ಗಾಲಿ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಸಾಗುತ್ತದೆ. ಅಂದರೆ ಒಂದು ಕಿಲೋಮೀಟರಿಗೆ 450 ಸುತ್ತು. ಪ್ರತಿ ಸುತ್ತಿಗೂ ಕಚ್ಚಿಕೊಂಡ ಮುಳ್ಳು ನೆಲಕ್ಕೂ ಟ್ಯೂಬಿಗೂ ನಡುವೆ ಸಿಕ್ಕು ಕೂದಲೆಳೆಯಷ್ಟು ಒಳಗೆ ಸರಿಯುತ್ತದೆ. ಊರ ಅಗಸಿಯ ಬಳಿ ತಾಗಿದ ಮುಳ್ಳು ಐದಾರು ಕಿಲೋಮೀಟರ್ ಆಚೆ, ನೆರಳೂ ಅಂಗಡಿಯೂ ಇಲ್ಲದ ಎರೆ ಹೊಲಗಳ ನಡುವೆ ಟ್ಯೂಬನ್ನು ಮುಟ್ಟುವುದು ಹೀಗೆ. ಮಳೆಗಾಲದಲ್ಲಿ ಈ ಪಯಣ ಇನ್ನೂ ಸಲೀಸು, ಏಕೆಂದರೆ ಒದ್ದೆ ರಬ್ಬರನ್ನು ಕೊಯ್ಯುವುದು ಸುಲಭ. ಕಾಲೇಜಿನ ಪ್ರಯೋಗಾಲಯದಲ್ಲಿ ರಬ್ಬರ್ ಬಿರಡೆಗೆ ತೂತು ಕೊರೆಯುವಾಗ ಕೊರಕಕ್ಕೆ ನೀರನ್ನೋ ಗ್ಲಿಸರಿನನ್ನೋ ಸವರಿಕೊಳ್ಳುವುದು ಇದೇ ಕಾರಣಕ್ಕೆ. ಜೊತೆಗೆ ಟೈರಿಗೆ ಮೆತ್ತಿದ ಎರೆ ಮಣ್ಣಿನಲ್ಲಿ ಮುಳ್ಳು ಹುದುಗಿ ಕಣ್ಣಿಗೂ ಬೀಳುವುದಿಲ್ಲ.

ಮುಳ್ಳು ಟ್ಯೂಬನ್ನು ತೂರಿದ ಮೇಲೂ ಗಾಳಿ ಒಮ್ಮೆಲೇ ಹೋಗುವುದಿಲ್ಲ. ತಾನು ಮಾಡಿದ ತೂತಿಗೆ ತಾನೇ ಬಿರಡೆಯಾಗಿ ಮುಳ್ಳು ಅಲ್ಲೇ ಕೂತಿರುತ್ತದೆ. ಅದರ ಸುತ್ತ ಉಳಿದ ಸಂದಿನಿಂದ ಎಷ್ಟು ಗಾಳಿ ಸೋರುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. 28 ಇಂಚಿನ ಗಾಲಿಯಲ್ಲಿ, ಸೈಕಲ್ ಅಂಗಡಿಯವರು ನಲವತ್ತು ಪೌಂಡ್ ಎನ್ನುವ ಒತ್ತಡದಲ್ಲಿ, ಸುಮಾರು ಎರಡು ಲೀಟರ್ ಜಾಗದಲ್ಲಿ ಹತ್ತು ಗ್ರಾಂ ಗಾಳಿ ತುಂಬಿರುತ್ತದೆ. ಸವಾರನನ್ನೂ ಅವನ ಗಂಟುಮೂಟೆಯನ್ನೂ ಹೊರುತ್ತಿರುವುದು ಆ ಹತ್ತು ಗ್ರಾಂ! ಒಳಗಿನ ಒತ್ತಡ ಹೊರಗಿನದಕ್ಕಿಂತ ಸುಮಾರು ಎರಡು ಪಟ್ಟು ಮೀರಿದ್ದರೆ ತೂತಿನಿಂದ ಹೊರಡುವ ಗಾಳಿ ಶಬ್ದದ ವೇಗವನ್ನೇ ಮುಟ್ಟುತ್ತದೆ. ನಲವತ್ತು ಪೌಂಡ್ ತುಂಬಿದ ಟ್ಯೂಬಿನಲ್ಲಿ ಅದು ಮೂರೂವರೆ ಪಟ್ಟಿಗೂ ಹೆಚ್ಚು. ಆದರೆ ಆ ವೇಗ ಅಲ್ಲಿಗೇ ನಿಲ್ಲುತ್ತದೆ, ಒಳಗೆ ಎಷ್ಟೇ ಒತ್ತಡವಿರಲಿ ಕಿರಿದಾದ ತೂತಿನಲ್ಲಿ ಇನ್ನೂ ಏರುವುದಿಲ್ಲ. ಹೀಗಾಗಿ ಎಲ್ಲವೂ ತೂತಿನ ಗಾತ್ರದ ಮೇಲೆ ನಿಂತಿದೆ. ಒಂದು ಕೂದಲಿನ ದಪ್ಪದ, ಅಂದರೆ 0.1 ಮಿಲಿಮೀಟರ್ ತೂತಾದರೆ ಹೆಚ್ಚೂಕಡಿಮೆ ಅರ್ಧ ಗಂಟೆಯಲ್ಲಿ ಟೈರು ಮೆತ್ತಗಾಗುತ್ತದೆ. ತೂತಿನ ಅಗಲ ಅದರ ಐದನೆಯ ಒಂದು ಪಾಲು ಆದರೆ? ಅಗಲ ಐದು ಪಟ್ಟು ಕುಗ್ಗಿದಾಗ ವಿಸ್ತೀರ್ಣ ಇಪ್ಪತ್ತೈದು ಪಟ್ಟು ಕುಗ್ಗುತ್ತದೆ. ಅರ್ಧ ಗಂಟೆಯ ಸೋರಿಕೆ ಹನ್ನೆರಡು ಗಂಟೆಯದಾಗುತ್ತದೆ. ತೂತಿನ ಗೋಡೆಯ ಘರ್ಷಣೆಯನ್ನೂ ಸೇರಿಸಿದರೆ ಇನ್ನಷ್ಟು ತಡ. ಸಂಜೆ ಆರಕ್ಕೆ ಅಂಗಳದಲ್ಲಿ ನಿಲ್ಲಿಸಿದ ಸೈಕಲ್ಲು ಬೆಳಿಗ್ಗೆ ಆರಕ್ಕೆ ಕೂತುಬಿಟ್ಟಿರುತ್ತದೆ. ನಡುವೆ ಯಾರೂ ಏನೂ ಮಾಡಿರುವುದಿಲ್ಲ, ಪಕ್ಕದ ಮನೆಯ ಹುಡುಗರ ಮೇಲೆ ಅನುಮಾನ ಪಡಬೇಕಾಗಿಲ್ಲ.

ರಾತ್ರಿಯ ತಂಪಿಗೆ ಗಾಳಿ ಕುಗ್ಗಿತು ಎನ್ನುವವರಿದ್ದಾರೆ. ಕುಗ್ಗುವುದು ನಿಜ, ಆದರೆ ಅಲ್ಪಸ್ವಲ್ಪ. 40 ಡಿಗ್ರಿ ಬಿಸಿಲಿನಲ್ಲಿ ನಲವತ್ತು ಪೌಂಡ್ ತುಂಬಿದ ಟ್ಯೂಬು ಮುಂಜಾವಿನ 22 ಡಿಗ್ರಿಗೆ ಕಳೆದುಕೊಳ್ಳುವುದು ಮೂರು ಪೌಂಡ್ ಮಾತ್ರ. ಹಾಗೆಯೇ ಮೇ ತಿಂಗಳ ಬಿಸಿಲಿಗೆ ಟೈರು ತಾನಾಗಿ ಸಿಡಿಯುತ್ತದೆ ಎಂಬ ಹೆದರಿಕೆಯೂ ಅತಿಯಾದದ್ದು. ಬೆಳಿಗ್ಗೆ 25 ಡಿಗ್ರಿಯಲ್ಲಿ ಗಾಳಿ ಹಾಕಿಸಿ, ಮಧ್ಯಾಹ್ನ ಸುಡುವ ಡಾಂಬರಿನ ಮೇಲೆ ಟೈರು 60 ಡಿಗ್ರಿಗೆ ಕಾದರೂ ಒತ್ತಡ ಏರುವುದು ಆರು ಪೌಂಡಿನಷ್ಟು. ಗಟ್ಟಿ ಟೈರಿಗೆ ಅದು ಯಾವ ಲೆಕ್ಕವೂ ಅಲ್ಲ. ಸಿಡಿಯುವುದು ಮೊದಲೇ ಬಿರಿದು ದಾರ ಎದ್ದ ಟೈರು. ಟ್ಯೂಬು ಗಾಳಿಯನ್ನು ಹಿಡಿದಿಡುತ್ತದೆ ಅಷ್ಟೇ, ಒತ್ತಡವನ್ನು ತಡೆಯುವುದು ಟೈರಿನೊಳಗಿನ ದಾರಗಳು. ದಾರ ಸವೆದ ಕಡೆ ಟ್ಯೂಬು ಗುಳ್ಳೆಯಂತೆ ಉಬ್ಬಿ ಒಡೆಯುತ್ತದೆ. ಬಿಸಿಲು ಮತ್ತು ಗಾಳಿಯಲ್ಲಿರುವ ಓಜೋನ್ ಎಳೆದು ನಿಂತ ರಬ್ಬರನ್ನು ಸದಾ ಸೀಳುತ್ತಿರುತ್ತವೆ. ಸೈಕಲ್ಲನ್ನು ಬೇವಿನ ನೆರಳಿಗೆ ನಿಲ್ಲಿಸಬೇಕು ಎನ್ನುವುದು ಇದಕ್ಕಾಗಿ.

ಒತ್ತಡ ಹೆಚ್ಚಾದುದರಿಂದ ಆಗುವ ಹಾನಿಗಿಂತ ಕಡಿಮೆಯಾದುದರಿಂದ ಆಗುವ ಹಾನಿ ದೊಡ್ಡದು. ಹಿಂದಿನ ಗಾಲಿಯ ಮೇಲೆ 60 ಕಿಲೋ ಭಾರವಿದೆ ಎನ್ನೋಣ. ನಲವತ್ತು ಪೌಂಡ್ ಎಂದರೆ ಚದರ ಸೆಂಟಿಮೀಟರಿಗೆ 2.8 ಕಿಲೋ, ಭಾಗಿಸಿದರೆ ಟೈರು ನೆಲಕ್ಕೆ ತಾಗಿರುವ ಜಾಗ ಸುಮಾರು 21 ಚದರ ಸೆಂಟಿಮೀಟರ್. ಗಾಳಿ ಅರ್ಧಕ್ಕಿಳಿದರೆ ಅದೇ ಭಾರ ಹೊರಲು ಇದರ ಎರಡರಷ್ಟು ಜಾಗ ಬೇಕು, ಟೈರು ಅಷ್ಟು ಚಪ್ಪಟೆಯಾಗಲೇಬೇಕು. ಆಗ ಬೀದರಿನ ಜಂಬಿಟ್ಟಿಗೆ ನೆಲದ ಒಂದು ಗಟ್ಟಿ ಹೆಂಟೆಯೋ ಶಹಾಬಾದ್ ಕಲ್ಲಿನ ಚೂರೋ ಗಾಲಿಗೆ ಸಿಕ್ಕರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ನಜ್ಜುಗುಜ್ಜಾಗುತ್ತದೆ. ಟ್ಯೂಬ್ ಬಿಚ್ಚಿದಾಗ ಅಕ್ಕಪಕ್ಕದಲ್ಲಿ ಎರಡು ಸೀಳು ಕಂಡರೆ ಅದು ಮುಳ್ಳಿನ ಕೆಲಸವಲ್ಲ, ಗಾಳಿ ಕಡಿಮೆಯಿದ್ದುದರ ಗುರುತು.

ಮುಳ್ಳಾಗಲಿ ಕಲ್ಲಾಗಲಿ ಇಲ್ಲದೆಯೂ ಗಾಳಿ ಇಳಿಯುತ್ತದೆ. ರಬ್ಬರಿನ ಅಣುಗಳ ನಡುವಿನಿಂದ ಅನಿಲಗಳು ನುಸುಳುತ್ತವೆ. ಆಮ್ಲಜನಕ ಸಾರಜನಕಕ್ಕಿಂತ ಸುಮಾರು ಮೂರು ಪಟ್ಟು ಬೇಗ. ಆದ್ದರಿಂದ ಮೇಲಿಂದ ಮೇಲೆ ಗಾಳಿ ಹಾಕಿಸುತ್ತ ಬಂದ ಟ್ಯೂಬಿನಲ್ಲಿ ಸಾರಜನಕದ ಪಾಲು ತಾನಾಗಿ ಏರುತ್ತ ಹೋಗುತ್ತದೆ. 1937ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದ ಬ್ಯುಟೈಲ್ ರಬ್ಬರು ನೈಸರ್ಗಿಕ ರಬ್ಬರಿಗಿಂತ ಗಾಳಿಯನ್ನು ಬಹಳ ಚೆನ್ನಾಗಿ ತಡೆಯುತ್ತದೆ. ಇನ್ನೊಂದು ಕಳ್ಳದಾರಿ ವಾಲ್ವ್. ನಮ್ಮ ಹಳೆಯ ಸೈಕಲ್ಲುಗಳ ವಾಲ್ವಿನೊಳಗೆ ಬೆರಳಿನ ಗೆಣ್ಣಿನಷ್ಟು ಉದ್ದದ ಸಣ್ಣ ರಬ್ಬರ್ ಕೊಳವೆ ಇರುತ್ತದೆ, ಅದೇ ವಾಲ್ ಟ್ಯೂಬ್. ಪಂಪಿನ ಒತ್ತಡಕ್ಕೆ ಅದು ಹಿಗ್ಗಿ ಗಾಳಿಯನ್ನು ಒಳಬಿಡುತ್ತದೆ, ಒಳಗಿನ ಒತ್ತಡ ಅದನ್ನೇ ಅದುಮಿ ದಾರಿ ಮುಚ್ಚುತ್ತದೆ. ಒಳಗಿನ ಗಾಳಿ ಮೀಟರಿನತ್ತ ಹಿಂದಿರುಗಿ ಬರಲಾರದು, ಆದ್ದರಿಂದ ಈ ವಾಲ್ವಿಗೆ ಒತ್ತಡ ಅಳೆಯುವ ಮೀಟರ್ ಸರಿಹೊಂದುವುದಿಲ್ಲ. ಹೆಬ್ಬೆರಳಿನಿಂದ ಟೈರನ್ನು ಒತ್ತಿ ನೋಡುವುದೇ ರೂಢಿಯಾಗಿದೆ. ಬೇಸಿಗೆಯ ಕಾವಿಗೆ ವಾಲ್ ಟ್ಯೂಬು ಬಿರುಸಾಗಿ ಬಿರಿದರೆ ಗಾಳಿ ಸದ್ದಿಲ್ಲದೆ ಹೋಗುತ್ತದೆ. ವಾಲ್ವಿನ ಬಾಯಿಗೆ ಎಂಜಲು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುವ ನಮ್ಮ ಹಿರಿಯರ ಪರೀಕ್ಷೆಗಿಂತ ಸರಳವಾದದ್ದು ಇಂದಿಗೂ ಇಲ್ಲ.

ಕಲಬುರಗಿಯ ಆಳಂದ ಚೆಕ್‌ಪೋಸ್ಟಿನ ಕಡೆ ರಸ್ತೆ ಬದಿಯ ಪಂಕ್ಚರ್ ಅಂಗಡಿಯೊಂದರ ಮುಂದೆ ಒಮ್ಮೆ ನಿಂತು ನೋಡಿದ್ದೇನೆ. ಸಮವಸ್ತ್ರದ ಹುಡುಗಿ ಏದುಸಿರು ಬಿಡುತ್ತ, “ಚಾಚಾ, ಹತ್ತು ಗಂಟೆಗೆ ಪರೀಕ್ಷೆ ಇದೆ, ಬೇಗ ಮಾಡಿಕೊಡಿ” ಎಂದಳು. “ಆಗುತ್ತದೆ ಬೇಟಿ, ಸೊಲ್ಯೂಷನ್ ಒಣಗುವ ತನಕ ಮಾತ್ರ ನಿಲ್ಲು” ಎಂದರು ಅವರು. ಟ್ಯೂಬನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿದರೆ ಗುಳ್ಳೆಯೇ ಬರಲಿಲ್ಲ. ಅವರು ಟ್ಯೂಬನ್ನು ಗೇಣುಗೇಣಾಗಿ ಎರಡೂ ಕೈಯಲ್ಲಿ ಹಿಡಿದು, ಮಡಚಿ ಎಳೆದು, ಮತ್ತೆ ಅದ್ದಿದರು. ಸೂಜಿಯ ಮೊನೆಯಂಥ ಗುಳ್ಳೆಗಳ ಸಾಲು ಎದ್ದಿತು. ಅದರ ಹಿಂದೆ ಗಟ್ಟಿಯಾದ ಭೌತಶಾಸ್ತ್ರವಿದೆ. ನೀರಿನ ಮೇಲ್ಮೈ ಎಳೆತ ಸಣ್ಣ ತೂತಿಗೆ ಮುಚ್ಚಳ ಹಾಕುತ್ತದೆ, 0.02 ಮಿಲಿಮೀಟರ್ ತೂತಿನಿಂದ ಗುಳ್ಳೆಯೊಂದು ಹೊರಬರಲು ಸುಮಾರು ಎರಡು ಪೌಂಡ್ ಒತ್ತಡ ಬೇಕು. ಟೈರಿನ ಆಸರೆಯಿಲ್ಲದ ಟ್ಯೂಬು ಸುಮ್ಮನೆ ಉಬ್ಬುತ್ತದೆಯೇ ಹೊರತು ಅದರೊಳಗೆ ಅಷ್ಟು ಒತ್ತಡ ನಿಲ್ಲುವುದೇ ಕಷ್ಟ. ಎಳೆದಾಗ ತೂತು ಹಿಗ್ಗುತ್ತದೆ, ಹಿಚುಕಿದಾಗ ಒತ್ತಡ ಏರುತ್ತದೆ, ಮುಚ್ಚಳ ಕಳಚುತ್ತದೆ. ಒತ್ತಡದ ಪಾಠವನ್ನು ಶಾಲೆಯಲ್ಲಿ ಕರಿಹಲಗೆಯ ಮೇಲೆ ಕಲಿಸುವ ಬದಲು ಒಂದು ಬಕೆಟ್ಟು, ಒಂದು ಟ್ಯೂಬು ಇಟ್ಟುಕೊಂಡು ಕಲಿಸಿದರೆ ಎಷ್ಟು ಚೆನ್ನಾಗಿರುತ್ತದೆ ಎಂದು ಅಂದಿನಿಂದ ಅನ್ನಿಸುತ್ತಲೇ ಇದೆ. 2006–07ರಿಂದ ಹಲವು ವರ್ಷ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು; ಪಂಕ್ಚರ್ ಹಾಕುವುದನ್ನೂ ಜೊತೆಗೇ ಕಲಿಸಬಹುದಿತ್ತು.

ತೂತು ಸಿಕ್ಕ ಮೇಲೆ ಅವರು ಅದರ ಸುತ್ತಲಿನ ಜಾಗವನ್ನು ಅರದಿಂದ ಉಜ್ಜಿದರು. ಉಜ್ಜಿದಾಗ ಜಿಡ್ಡು, ಪುಡಿ ಹೋಗಿ ಮೇಲ್ಮೈ ತರಿತರಿಯಾಗುತ್ತದೆ, ಅಂಟಿಗೆ ಹಿಡಿತ ಸಿಗುತ್ತದೆ. ಸೊಲ್ಯೂಷನ್ ಎಂದರೆ ಬೇಗ ಆವಿಯಾಗುವ ದ್ರಾವಕದಲ್ಲಿ ಕರಗಿಸಿದ ರಬ್ಬರು. ಅದನ್ನು ಸವರಿದ ತಕ್ಷಣ ತೇಪೆ ಅಂಟಿಸಿದರೆ ದ್ರಾವಕ ಒಳಗೇ ಸಿಕ್ಕಿಬೀಳುತ್ತದೆ; ಮಧ್ಯಾಹ್ನದ ಬಿಸಿಗೆ ಅದು ಆವಿಯಾಗಿ ತೇಪೆಯನ್ನು ಎಬ್ಬಿಸುತ್ತದೆ. ಬೆಳಿಗ್ಗೆ ಹಾಕಿಸಿದ ಪಂಕ್ಚರ್ ಸಂಜೆಗೆ ಬಿಚ್ಚಿಕೊಳ್ಳಲು ಇದೊಂದು ಕಾರಣ. ಬೆರಳಿಗೆ ಒದ್ದೆ ತಾಗದೆ ಅಂಟು ಮಾತ್ರ ತಾಗುವ ಹದಕ್ಕೆ ಕಾಯಬೇಕು. ಆ ಹೊತ್ತನ್ನು ಅವರು ಖಾಲಿ ಬಿಡಲಿಲ್ಲ. ವಾಲ್ವಿನಿಂದ ತೂತು ಎಷ್ಟು ದೂರದಲ್ಲಿದೆ ಎಂದು ಅಂದಾಜು ಮಾಡಿ, ಟೈರಿನ ಅದೇ ಜಾಗದ ಒಳಮೈಯನ್ನು ಬೆರಳಿನಿಂದ ಮೆಲ್ಲಗೆ ಸವರಿ ಮುಳ್ಳನ್ನು ಹುಡುಕಿ ಕಿತ್ತರು. ಮುಳ್ಳನ್ನು ಟೈರಿನಲ್ಲೇ ಬಿಟ್ಟು ಹಾಕಿದ ತೇಪೆ ಎಷ್ಟು ಒಳ್ಳೆಯದಾದರೂ ವ್ಯರ್ಥ.

ಈ ಕಾಯುವ ಕಷ್ಟ ಸೈಕಲ್ಲಿನ ಇತಿಹಾಸದಲ್ಲೇ ದೊಡ್ಡ ತಿರುವು ತಂದಿದೆ. ಗಾಳಿ ತುಂಬಿದ ಚಕ್ರಕ್ಕೆ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದರೂ ಅದು ಬಳಕೆಗೆ ಬಂದದ್ದು 1888ರಲ್ಲಿ, ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಅವರಿಂದ. ಮೊದಮೊದಲಿನ ಟೈರುಗಳನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. ಫ್ರಾನ್ಸಿನ ಮಿಶೆಲಿನ್ ಸಹೋದರರ ಕಾರ್ಖಾನೆಗೆ ಸವಾರನೊಬ್ಬ ಅಂಥ ಪಂಕ್ಚರಾದ ಟೈರು ತಂದಾಗ ಬಿಚ್ಚಿ ಸರಿಪಡಿಸಲು ಗಂಟೆಗಳೇ ಹಿಡಿದವು, ಅಂಟು ಒಣಗಲು ಒಂದು ರಾತ್ರಿ ಬೇಕಾಯಿತು. ಸುಲಭವಾಗಿ ಕಳಚಿ ಹಾಕಬಲ್ಲ ಟೈರನ್ನು ಅವರು 1891ರಲ್ಲಿ ತಂದರು. ಅದೇ ವರ್ಷ ಸುಮಾರು 1200 ಕಿಲೋಮೀಟರಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸ್ಪರ್ಧೆಯನ್ನು ಶಾರ್ಲ್ ತೆರೋಂ ಗೆದ್ದದ್ದು ಆ ಟೈರುಗಳ ಮೇಲೆ.

ಯಾದಗಿರಿಯಿಂದ ಹೊರಬಿದ್ದು ಭೀಮಾ ತೀರದ ಊರುಗಳತ್ತ ಹೋಗುವಾಗ ಅಂಗಡಿಯೇ ಸಿಗದ ಹಾದಿಗಳಿವೆ. ಅಲ್ಲಿ ಗಾಳಿ ಹೋದರೆ ಸೈಕಲ್ ಹತ್ತಬಾರದು: ಮೆತ್ತಗಾದ ಟೈರು ರಿಮ್ಮಿನ ಮೇಲೆ ಜಾರುತ್ತ ಟ್ಯೂಬನ್ನೂ ಎಳೆದೊಯ್ಯುತ್ತದೆ, ವಾಲ್ವು ಮಾತ್ರ ರಿಮ್ಮಿನ ತೂತಿನಲ್ಲಿ ಸಿಕ್ಕಿ ಬುಡದಲ್ಲೇ ಹರಿಯುತ್ತದೆ. ಆಮೇಲೆ ತೇಪೆಗೂ ಅವಕಾಶವಿಲ್ಲ. ತಳ್ಳಿಕೊಂಡೇ ಹೋಗುವುದು ಮೇಲು. ಪಂಪು ಇದ್ದು ತೇಪೆ ಇಲ್ಲದಿದ್ದರೆ ತೂತಿರುವ ಜಾಗವನ್ನು ಮಡಚಿ ದಾರದಿಂದ ಬಿಗಿಯಾಗಿ ಕಟ್ಟಿ, ಉಳಿದ ಟ್ಯೂಬಿಗೆ ಸ್ವಲ್ಪ ಕಡಿಮೆ ಗಾಳಿ ಹಾಕಿ ನಿಧಾನವಾಗಿ ಸಾಗಬಹುದು. ಪಂಪೂ ಇಲ್ಲದಿದ್ದರೆ ಬದುವಿನ ಒಣ ಹುಲ್ಲನ್ನು ಟೈರಿನೊಳಗೆ ಕೈಯಲ್ಲಾದಷ್ಟು ಗಿಡಿದು ತುಂಬಬೇಕು. ಸವಾರಿ ಕುಲುಕುತ್ತದೆ, ಆದರೆ ರಿಮ್ಮು ಉಳಿಯುತ್ತದೆ, ಮುಂದಿನ ಊರು ಮುಟ್ಟಬಹುದು. ಹುಲ್ಲು ತುಂಬುವ ಮೊದಲು ಟ್ಯೂಬನ್ನು ತೆಗೆದು ಕ್ಯಾರಿಯರಿಗೆ ಕಟ್ಟಿಕೊಳ್ಳಿ.