ಕಾವಲಿಗೆ ಮೂರು ಕಾಲ

ಕಡೂರು, ಅಜ್ಜಂಪುರ, ಅರಸೀಕೆರೆ ಸೀಮೆಯಲ್ಲಿ ಅಮೃತಮಹಲ್ ಕಾವಲಿನ, ಅಂದರೆ ಅಮೃತಮಹಲ್ ದನಗಳ ಮೇವಿಗೆಂದು ಮೀಸಲಿಟ್ಟ ಹುಲ್ಲುಗಾವಲಿನ, ಮಾತು ಎದ್ದಾಗಲೆಲ್ಲ ಒಂದು ವಾದ ಕೇಳಿಬರುತ್ತದೆ: ಬೋಳು ನೆಲ, ಸುಮ್ಮನೆ ಬಿದ್ದಿದೆ, ಯಾವುದಕ್ಕಾದರೂ ಬಳಸಬಾರದೇಕೆ? ಪಹಣಿ, ಒತ್ತುವರಿ, ಮಂಜೂರಾತಿ, ಇಲಾಖೆಯಿಂದ ಇಲಾಖೆಗೆ ವರ್ಗಾವಣೆ ಎಂದು ಕಡತ ಬೆಳೆದು, ಈ ನೆಲ ಯಾಕಿತ್ತು ಎಂಬುದೇ ಮರೆತುಹೋಗಿದೆ.

ಮೈಸೂರು ಅರಸ ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ, ಎಂದರೆ ಅರಮನೆಯ ದನಗಳ ಇಲಾಖೆ, ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. 1799ರ ನಂತರ ಈ ಎತ್ತುಗಳು ಬ್ರಿಟಿಷರ ಫಿರಂಗಿ ಎಳೆದವು. 1860ರಲ್ಲಿ ಖರ್ಚು ಉಳಿಸಲು ಹಿಂಡನ್ನು ಮಾರಿದರು. ಒಳ್ಳೆಯ ಎತ್ತು ಸಿಗದೆ 1866ರಲ್ಲಿ ಮತ್ತೆ ಕಟ್ಟಿದರು.

ಆ ಹಿಂಡನ್ನು ವರ್ಷವಿಡೀ ಒಂದೇ ಕಡೆ ಮೇಯಿಸುತ್ತಿರಲಿಲ್ಲ. ಹಳೆಯ ದಾಖಲೆಗಳು ಕಾವಲನ್ನು ಮೂರಾಗಿ ವಿಂಗಡಿಸುತ್ತವೆ. ಮಳೆಗಾಲದ ಕಾವಲಿನಲ್ಲಿ ಮಳೆಯಿರುವಷ್ಟು ದಿನ ಹುಲ್ಲೂ ನೀರೂ ಧಾರಾಳ, ಬೇಸಿಗೆಗೆ ಏನೂ ಇಲ್ಲ. ಚಳಿಗಾಲದ ಕಾವಲು ಮಳೆ ನಿಂತ ಮೇಲೂ ಇಬ್ಬನಿಯ ಬಲದಿಂದ ಮೇವು ಉಳಿಸಿಕೊಳ್ಳುತ್ತದೆ. ಬೇಸಿಗೆ ಕಾವಲುಗಳು ಬಹುಪಾಲು ಕೆರೆಯಂಗಳಗಳು. ನೀರು ಹಿಂದೆ ಸರಿದಂತೆ ಬಯಲಾದ ಹಸಿ ಮಣ್ಣಿನಲ್ಲಿ ಹಸಿರು ಹುಲ್ಲು ಏಳುತ್ತದೆ, ಒರತೆಯೂ ನೆರಳೂ ಸಿಗುತ್ತವೆ. ಇಂಥ ಕಾವಲು ಆಗಲೂ ವಿರಳ, ಹಾಗಾಗಿಯೇ ಅಮೂಲ್ಯ.

ಹುಲ್ಲಿನ ವರ್ಷವೂ ಹೀಗೆಯೇ. ರೋಹಿಣಿ ಮಳೆ ಬಿದ್ದರೆ ಒಣಗಿದ ಬುಡ ಚಿಗುರುತ್ತದೆ. ಪಶ್ಚಿಮದ ಗಿರಿಗಳು ಮುಂಗಾರನ್ನು ತಡೆಯುವುದರಿಂದ ಇಲ್ಲಿ ನಡುಗಾಲದಲ್ಲಿ ಬೆಳವಣಿಗೆ ನಿಧಾನ. ಹಿಂಗಾರಿನ ಹೊತ್ತಿಗೆ ಮೊಣಕಾಲೆತ್ತರ ಬೆಳೆದು ತೆನೆ ಬಿಡುತ್ತದೆ, ಬೀಜದ ಮುಳ್ಳು ಬಟ್ಟೆಗೂ ಕುರಿಯ ಉಣ್ಣೆಗೂ ಚುಚ್ಚಿಕೊಳ್ಳುತ್ತದೆ. ಸಂಕ್ರಾಂತಿ ಕಳೆದರೆ ಎಲ್ಲವೂ ಕರಡ, ಬರಿಯ ಒಣಹುಲ್ಲು. ಮಾರ್ಚ್‌ನಲ್ಲಿ ನೋಡಿದವರಿಗೆ ಅದು ಸತ್ತ ನೆಲ. ಆದರೆ ಬೇರು ಸತ್ತಿರುವುದಿಲ್ಲ. ಬೇಸಿಗೆಯ ಚಿತ್ರವೊಂದನ್ನೇ ಮುಂದಿಟ್ಟು ಕಾವಲನ್ನು ಪಾಳು ಎಂದು ಕರೆಯುವುದು ಅನ್ಯಾಯ.

ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ಭೂಮಿಯಿಲ್ಲದವರಿಗೆ ಸಾಗುವಳಿ, ನಿವೇಶನ, ನೆಡುತೋಪು, ಯೋಜನೆಗಳು ಎಂದು ಕಾವಲು ತುಂಡುತುಂಡಾಯಿತು. ಕೇಳಿದವರ ಅಗತ್ಯ ಸುಳ್ಳಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ಪರವಾಗಿ ಮಾತನಾಡುವವರೂ ಕಡಿಮೆಯಾದರು. ಆದರೆ ಮೂರು ಕಾಲದ ಕಾವಲುಗಳಲ್ಲಿ ಒಂದು ಕೈತಪ್ಪಿದರೆ ಉಳಿದೆರಡು ಅರೆಬರೆಯಾಗುತ್ತವೆ, ಮತ್ತು ಉಳುಮೆಗೆ ಮೊದಲು ಕಣ್ಣು ಬೀಳುವುದು ತೇವವಿರುವ ನೆಲದ ಮೇಲೆಯೇ. ಬೇಸಿಗೆಯ ಆಸರೆ ಇಲ್ಲದಿದ್ದರೆ ದನಗಳು ಮಳೆಗಾಲದ ಕಾವಲಲ್ಲೇ ವರ್ಷಪೂರ್ತಿ ನಿಲ್ಲುತ್ತವೆ, ಹುಲ್ಲು ಬೀಜ ಕಟ್ಟುವ ಮೊದಲೇ ಮುಗಿಯುತ್ತದೆ. ಆಮೇಲೆ ಅದು ನಿಜಕ್ಕೂ ಬೋಳಾಗುತ್ತದೆ. ನೀಲಗಿರಿ ನೆಟ್ಟರೆ ಹಸಿರು ಬಂತೆಂದು ಲೆಕ್ಕ ಬರೆಯಬಹುದು, ಆದರೆ ಅದರಡಿ ದನಕ್ಕೆ ಮೇವಿಲ್ಲ, ಕೃಷ್ಣಮೃಗಕ್ಕೆ ಓಡಲು ಬಯಲಿಲ್ಲ.

ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದು ದೊಡ್ಡ ಸಮಾಧಾನ. ಅಲ್ಲಿ ಕೃಷ್ಣಮೃಗಗಳಿವೆ, ಚಳಿಗಾಲದಲ್ಲಿ ದೂರದ ಉತ್ತರದಿಂದ ಬರುವ ಹ್ಯಾರಿಯರ್ ಎಂಬ ಬೇಟೆಗಾರ ಹಕ್ಕಿಗಳು ಮರವೇರದೆ ಒಣಹುಲ್ಲಿನ ನಡುವೆ ನೆಲದಲ್ಲೇ ರಾತ್ರಿ ಕಳೆಯುತ್ತವೆ. ಉಳಿದ ಕಾವಲುಗಳ ಅಳತೆಗೆ ಹೋಗುವವರು ಬೇಸಿಗೆಯಲ್ಲಿ ಒಮ್ಮೆ ಹೋದರೆ ಸಾಲದು. ಆರಿದ್ರಾ ಮಳೆಯಲ್ಲೊಮ್ಮೆ, ಸ್ವಾತಿ ಕಳೆದ ಮೇಲೊಮ್ಮೆ ಹೋಗಬೇಕು, ಪಕ್ಕದ ಕೆರೆಯಂಗಳವನ್ನೂ ಅದೇ ನಕಾಶೆಯಲ್ಲಿ ಗುರುತಿಸಬೇಕು.